ಕರು ಕಟ್ಟಿದಂಗೆ ಕಟ್ಟಿದ್ದೀಯಲ್ಲವ್ವ

ಎಳನೀರಿನವರು ಒಳ್ಳೆಯವರಾಗಿದ್ದರಿಂದ ಅವತ್ತು ನನ್ನ ಜೇಬಿಗೆ ಕತ್ತರಿ ಬೀಳಲಿಲ್ಲ. ಬೀಳಬೇಕಿತ್ತು. ತಪ್ಪು ನನ್ನದೇ.

ಒಂಬತ್ತು ತಿಂಗಳ ಹಿಂದಿನ ಮಾತು. ಮೈಸೂರಿನ ಬೋಗಾದಿ ರಸ್ತೆ, ಸಂಜೆ ಐದೂವರೆ. ಪ್ಲೇಹೋಮಿನಿಂದ ಮಗನನ್ನು ಕರೆದುಕೊಂಡು ಮನೆಗೆ ಹೊರಟಿದ್ದೆ. ಅವನಿಗಾಗ ಮೂರು ವರ್ಷ ಎರಡು ತಿಂಗಳು. ಊರಿನ ಎಲ್ಲ ಮಕ್ಕಳ ಹಾಗೆ ಅವನೂ ಸ್ಕೂಟರಿನ ಮುಂದೆ, ನನ್ನ ಎರಡು ಮೊಣಕಾಲುಗಳ ನಡುವೆ ನಿಂತಿದ್ದ. ಎರಡೂ ಕೈ ಹ್ಯಾಂಡಲ್ ಮೇಲೆ. ಅವನ ಲೆಕ್ಕದಲ್ಲಿ ಗಾಡಿ ಓಡಿಸುತ್ತಿದ್ದದ್ದು ಅವನೇ. ನಾನು ಸುಮ್ನೆ ಹಿಂದೆ ಕೂತವಳು.

ಊರಿಂದ ಬಂದಿದ್ದ ಅತ್ತೆ, ಉಷ್ಣ ಆಗಿದೆ ಅಂತ ಎಳನೀರು ತರಲು ಹೇಳಿದ್ದರು. ಗಾಡಿ ಪಕ್ಕಕ್ಕೆ ನಿಲ್ಲಿಸಿದೆ, ಎಂಜಿನ್ ಆಫ್ ಮಾಡಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ಯಾರು ಆಫ್ ಮಾಡ್ತಾರೆ ಹೇಳಿ. ಕಾಲು ಎರಡೂ ನೆಲಕ್ಕೆ ಊರಿದ್ದೆ. ಕೈ ಎರಡೂ ಮೊಬೈಲಿನಲ್ಲಿ. ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತಿದ್ದೆ. ಮೂರನೇ ಅಂಕಿ ಒತ್ತಿದ್ದು ನೆನಪಿದೆ, ನಾಲ್ಕನೆಯದು ನೆನಪಿಲ್ಲ.

ಮಗ ರೇಸ್ ಕೊಟ್ಟ.

ಗಾಡಿ ಒಂದೇ ನೆಗೆತಕ್ಕೆ ಎಳನೀರಿನ ರಾಶಿಗೆ ಹೋಗಿ ಗುದ್ದಿತು. ರಾಶಿ ಕುಸಿದು ಕಾಯಿಗಳು ರಸ್ತೆ ತುಂಬ ಉರುಳಿದವು. ಸ್ಕೂಟರ್ ನನ್ನ ಎಡಗಾಲಿನ ಮೇಲೆ ಬಿತ್ತು. ಮಗನ ಬಾಯಿ ಸ್ಪೀಡೋಮೀಟರಿಗೆ ಬಡಿದಿತ್ತು. ಅವನು ಅಳಲೇ ಇಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ, ಕೆಳತುಟಿಯಿಂದ ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಹಿಂದಿನಿಂದ ಬಂದ ಸಿಟಿ ಬಸ್ಸು ಒಂದು ಎಳನೀರನ್ನು ಅಪ್ಪಚ್ಚಿ ಮಾಡಿ ನಿಂತಿತು. ಆ ಶಬ್ದ ಕೇಳಿದ ಮೇಲೆ ಮಗ ಅಳಲು ಶುರು ಮಾಡಿದ. ನನಗೂ ಅಳು ಬಂತು.

ಎಳನೀರಿನವರು ಮಚ್ಚು ಬಿಸಾಕಿ ಓಡಿಬಂದರು. ನಾನು ಕಾಯಿ ಆರಿಸಲು ಬಗ್ಗಿದರೆ, 'ಕಾಯಿ ಹಾಳಾಗೋಗ್ಲಿ, ಮೊದ್ಲು ಮಗೀನ ಬಾಯಿ ನೋಡವ್ವ' ಅಂದರು. ದುಡ್ಡು ಕೊಡಲು ಹೋದರೆ ಒಂದರದ್ದು ಮಾತ್ರ ತೆಗೆದುಕೊಂಡರು, ಬಸ್ಸಿನ ಚಕ್ರಕ್ಕೆ ಸಿಕ್ಕಿದ್ದರದ್ದು. ಈಗಲೂ ಅವರ ಹತ್ತಿರವೇ ಎಳನೀರು ತಗೊಳ್ಳೋದು. ನಾನು ನಿಲ್ಲಿಸಿದ ಕೂಡಲೇ, 'ಕೀ ತೆಗಿಯವ್ವ' ಅಂತಾರೆ.

ತುಟಿಗೆ ಹೊಲಿಗೆ ಬೇಕಾಗಲಿಲ್ಲ. ಮುಂದಿನ ಹಾಲುಹಲ್ಲು ಒಂದು ಅಲ್ಲಾಡುತ್ತಿತ್ತು, ಡಾಕ್ಟರು ಗಟ್ಟಿಯಾಗುತ್ತೆ, ಬಣ್ಣ ತಿರುಗಬಹುದು ಅಂದರು. ತಿರುಗಿದೆ. ಫೋಟೋ ತೆಗೆಯುವಾಗಲೆಲ್ಲ ಕಾಣುತ್ತೆ. ಅತ್ತೆ ಅವತ್ತು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಯಾರ ಕಣ್ಣು ಬಿತ್ತೋ ಅಂತ ಅವರಿಗೆ ಚಿಂತೆ. ನನ್ನ ಕಣ್ಣು ಮೊಬೈಲಿನ ಮೇಲೆ ಬಿದ್ದಿತ್ತು ಅಂತ ನಾನು ಬಾಯಿ ಬಿಡಲಿಲ್ಲ.

ಗಂಡನಿಗೆ ಆ ವಾರ ರಾತ್ರಿ ಪಾಳಿ. ನನಗೆ ನಿದ್ದೆ ಬರಲಿಲ್ಲ. ನಾನು ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಜಿಎಸ್‌ಟಿ ಸುತ್ತೋಲೆಗಳನ್ನು ಓದಿ ಓದಿ ಸರ್ಕಾರದ ಭಾಷೆಗೆ ಹೆದರುವುದು ಬಿಟ್ಟು ಹೋಗಿದೆ. ಸಣ್ಣ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಳ್ಳಲು ಏನಾದರೂ ಕಾನೂನು ಇದೆಯಾ ಅಂತ ಹುಡುಕಿದೆ. ಇದೆ! ನಾನು ಮಗನನ್ನು ಮುಂದೆ ನಿಲ್ಲಿಸಿಕೊಂಡು ಓಡಾಡಿದ ಅಷ್ಟೂ ದಿನ ಜಾರಿಯಲ್ಲೇ ಇತ್ತು.

1988ರ ಮೋಟಾರು ವಾಹನ ಕಾಯ್ದೆಯಲ್ಲಿ 129ನೇ ಸೆಕ್ಷನ್ ಹೆಲ್ಮೆಟ್ಟಿನದು. 2019ರ ತಿದ್ದುಪಡಿ ಆದ ಮೇಲೆ ಅದು ಹೇಳುವುದಿಷ್ಟು: ಪೇಟ ಸುತ್ತಿದ ಸಿಖ್ಖರನ್ನು ಬಿಟ್ಟರೆ, ನಾಲ್ಕು ವರ್ಷ ದಾಟಿದ ಯಾರೇ ಆಗಲಿ, ಓಡಿಸಿದರೂ ಸರಿ, ಹಿಂದೆ ಕೂತರೂ ಸರಿ, ಹೆಲ್ಮೆಟ್ ಹಾಕಲೇಬೇಕು. ಅಂದರೆ ಎಲ್‌ಕೆಜಿ ಮಗುವಿಗೂ ಬೇಕು. ನಮ್ಮ ಬೀದಿಯಲ್ಲಿ ಅಪ್ಪನಿಗೆ ಹೆಲ್ಮೆಟ್, ಮಗಳಿಗೆ ಬರೀ ಎರಡು ಜಡೆ. ಕಾನೂನಿನ ಪ್ರಕಾರ ಇಬ್ಬರಿಗೂ ಒಂದೇ.

ನಾಲ್ಕರ ಒಳಗಿನವರ ಕಥೆ ಬೇರೆ. ಅವರಿಗಾಗಿ 2022ರ ಫೆಬ್ರವರಿ 15ರಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಹೊಸದೊಂದು ಉಪನಿಯಮ ಸೇರಿಸಿದರು. 138ನೇ ನಿಯಮದ ಏಳನೆಯದು. ಎಲ್ಲರಿಗೂ ಒಂದು ವರ್ಷ ಟೈಮ್ ಕೊಟ್ಟು 2023ರ ಫೆಬ್ರವರಿ 15ರಿಂದ ಜಾರಿ ಮಾಡಿದರು. ಅದರಲ್ಲಿ ಮೂರು ಮಾತು. ಮಗುವನ್ನು ಬೆಲ್ಟಿನಿಂದ ಗಾಡಿ ಓಡಿಸುವವರಿಗೆ ಕಟ್ಟಿರಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿನ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಇರಬೇಕು. ಮಗು ಇದ್ದಾಗ ಗಾಡಿ ಗಂಟೆಗೆ 40 ಕಿಲೋಮೀಟರ್ ದಾಟಬಾರದು.

ಈ ಒಂಬತ್ತು ತಿಂಗಳು ಅನ್ನುವುದು ನನ್ನ ತಲೆಯಲ್ಲಿ ಕೊರೆಯಿತು. ಒಂಬತ್ತರ ಒಳಗಿನ ಕೂಸಿಗೆ ಹೆಲ್ಮೆಟ್ ಹೇಳಿಲ್ಲ. ಹಾಕಲೂ ಬಾರದು, ಹೆಲ್ಮೆಟ್ಟಿನ ಭಾರ ತಡೆಯುವಷ್ಟು ಕತ್ತು ಗಟ್ಟಿಯಾಗಿರಲ್ಲ. ಹಾಗಾದರೆ ಆ ಕೂಸು ಸ್ಕೂಟರ್ ಹತ್ತಲೇಬಾರದು ಅಂತ ಯಾಕೆ ಬರೆಯಲಿಲ್ಲ? ಹೆರಿಗೆ ಆಸ್ಪತ್ರೆಯ ಗೇಟಿನಲ್ಲಿ ಒಂದು ಗಂಟೆ ನಿಂತು ನೋಡಿ. ಟವಲಿನಲ್ಲಿ ಸುತ್ತಿದ ಕೂಸನ್ನು ಎದೆಗೆ ಒತ್ತಿಕೊಂಡು, ಒಂದೇ ಕಡೆಗೆ ಕಾಲು ಹಾಕಿ ಸ್ಕೂಟರಿನ ಹಿಂದೆ ಕೂತು ಹೋಗುವ ಬಾಣಂತಿಯರು ಕಾಣುತ್ತಾರೆ. ಅವರು ಹಿಡಿದುಕೊಂಡಿರುವುದು ಕೂಸನ್ನು. ಅವರನ್ನು ಹಿಡಿದುಕೊಂಡವರು ಯಾರೂ ಇಲ್ಲ.

ಹೆಲ್ಮೆಟ್ ತರಲು ಭಾನುವಾರ ಹೋದೆವು. ರಸ್ತೆ ಬದಿಯ ಅಂಗಡಿಯವರು ಕೊಟ್ಟದ್ದು ಮೇಲೆ ಕಾರ್ಟೂನ್ ಚಿತ್ರ, ಒಳಗೆ ಕಾಲಿಂಚು ಸ್ಪಂಜು. ಅಮುಕಿದರೆ ಬೆರಳಿಗೆ ಪ್ಲಾಸ್ಟಿಕ್ ಸಿಗುತ್ತಿತ್ತು. ಐಎಸ್‌ಐ ಗುರುತು ಎಲ್ಲಿ ಅಂದೆ. 'ಮೇಡಂ, ಇಷ್ಟು ಚಿಕ್ಕ ಮಕ್ಕಳಿಗೆ ಯಾರೂ ಹಿಡಿಯಲ್ಲ, ಸುಮ್ನೆ ತಗೊಳ್ಳಿ' ಅಂದರು. ಅವರ ಪ್ರಕಾರ ಹೆಲ್ಮೆಟ್ ಇರುವುದು ಪೊಲೀಸರಿಗೆ. ಅವರೊಬ್ಬರನ್ನೇ ಅಂದು ಏನು ಪ್ರಯೋಜನ, ನಮ್ಮಲ್ಲಿ ಅರ್ಧ ಊರು ಹಾಗೇ ಅಂದುಕೊಂಡಿದೆ. 2016ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಅಂದಾಗ ನಮ್ಮ ಅಮ್ಮ ಕೇಳಿದ ಮೊದಲ ಪ್ರಶ್ನೆ, 'ಹಂಗಾರೆ ಹೂವು ಎಲ್ಲಿ ಮುಡಿಯೋದು?'

ಇನ್ನೊಂದು ಅಂಗಡಿಯಲ್ಲಿ ಐಎಸ್‌ಐ ಗುರುತಿನ ಮಕ್ಕಳ ಹೆಲ್ಮೆಟ್ ಇತ್ತು, ಆದರೆ ಅದು ಸ್ವಲ್ಪ ದೊಡ್ಡ ಮಕ್ಕಳದ್ದು. ಮಗನ ತಲೆಗೆ ಹಾಕಿದರೆ ಕಣ್ಣು ಮುಚ್ಚಿ ಮೂಗಿನವರೆಗೆ ಬಂತು. ಅವನಿಗೆ ಖುಷಿ, ಅಂಗಡಿ ತುಂಬ ಗೋಡೆಗೆ ಡಿಕ್ಕಿ ಹೊಡೆದುಕೊಂಡು ಓಡಾಡಿದ. ಆಗ ನೆನಪಾಯಿತು, ನಿಯಮದಲ್ಲೇ ಒಂದು ದಾರಿ ಇದೆ. ಇಷ್ಟು ಚಿಕ್ಕ ಮಕ್ಕಳ ಹೆಲ್ಮೆಟ್ಟಿಗೆ ನಮ್ಮ ದೇಶದ ಮಾನದಂಡ ಬರುವವರೆಗೆ ಸೈಕಲ್ ಹೆಲ್ಮೆಟ್ ಆದರೂ ಸರಿ ಅಂತ ಬರೆದಿದ್ದಾರೆ. ಅದಕ್ಕೆ ಹೊರದೇಶದ ಮಾನದಂಡಗಳ ನಂಬರ್ ಕೊಟ್ಟಿದ್ದಾರೆ. ಇಎನ್ 1078 ಅನ್ನುವುದು ಅದರಲ್ಲಿ ಒಂದು. ಸೈಕಲ್ ಅಂಗಡಿಗೆ ಹೋಗಿ ಒಂದೊಂದೇ ಹೆಲ್ಮೆಟ್ಟನ್ನು ತಿರುಗಿಸಿ ಒಳಗಿನ ಚೀಟಿ ಓದುತ್ತಾ ನಿಂತೆ. ಗಂಡ ಹೊರಗೆ ಹೋಗಿ ಟೀ ಕುಡಿದು ಬಂದರು. ಐದನೆಯದರಲ್ಲಿ ಆ ನಂಬರ್ ಸಿಕ್ಕಿತು. ಏಳುನೂರ ಐವತ್ತು ರೂಪಾಯಿ.

ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿದೆ. ನನ್ನದು ಒಂದು ಕೆಜಿ ನೂರು ಗ್ರಾಂ. ಅವನದ್ದು ಇನ್ನೂರ ಅರವತ್ತು. ಸಣ್ಣ ಮಕ್ಕಳ ತಲೆ ಮೊದಲೇ ದೊಡ್ಡದು. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಮೂರು ವರ್ಷದ ಕತ್ತಿನ ಮೇಲೆ ಇನ್ನೊಂದು ಕೆಜಿ ಇಟ್ಟು ಹಂಪ್ ಹಾರಿಸಿದರೆ ಏನಾಗುತ್ತೆ ಅಂತ ನನಗೆ ಆಗ ಅರ್ಥವಾಯಿತು.

ಹೆಲ್ಮೆಟ್ ಹಾಕಿಸುವುದು ಸುಲಭ ಅಂದುಕೊಂಡವರು ಮೂರು ವರ್ಷದ ಹುಡುಗನ ಗದ್ದದ ಕೆಳಗೆ ಪಟ್ಟಿ ಕಟ್ಟಿ ನೋಡಿ. ಮೊದಲ ದಿನ ಕ್ಲಿಪ್ಪಿಗೆ ಕತ್ತಿನ ಚರ್ಮ ಸಿಕ್ಕಿಕೊಂಡು ಚೀರಿದ. ಅಲ್ಲಿಂದ ಒಂದು ವಾರ ಹೆಲ್ಮೆಟ್ ಕಂಡರೆ ಮಂಚದ ಕೆಳಗೆ ಹೋಗುತ್ತಿದ್ದ. ಈಗ ನಾನು ಪಟ್ಟಿ ಹಾಕುವಾಗ ಎಡಗೈಯ ಬೆರಳನ್ನು ಅವನ ಗದ್ದಕ್ಕೂ ಕ್ಲಿಪ್ಪಿಗೂ ನಡುವೆ ಇಟ್ಟು, ಆಮೇಲೆ ಟಕ್ ಅನ್ನಿಸುತ್ತೇನೆ. ಸಿಕ್ಕಿದರೆ ನನ್ನ ಬೆರಳು ಸಿಗಲಿ. ಹಾಕಿದ ಮೇಲೆ ಹೆಲ್ಮೆಟ್ಟಿನ ಹಿಂಭಾಗ ಹಿಡಿದು ಮುಂದಕ್ಕೆ ಎತ್ತಿ ನೋಡಬೇಕು. ಕಳಚಿ ಬಂದರೆ ಸಡಿಲ ಇದೆ ಅಂತ ಅರ್ಥ. ಇದನ್ನು ದೊಡ್ಡವರೂ ಮಾಡಿ ನೋಡಬಹುದು. ನನ್ನ ಗಂಡನದ್ದು ಕೈಗೇ ಬಂತು!

ಇನ್ನು ಬೆಲ್ಟು. ನಿಯಮದಲ್ಲಿ ಅದಕ್ಕೆ ಬರೆದಿರುವ ವಿವರ ನೋಡಿದರೆ ಯಾರೋ ಮಕ್ಕಳಿರುವ ಟೈಲರ್ ಪಕ್ಕದಲ್ಲಿ ಕೂತು ಬರೆಸಿದ ಹಾಗಿದೆ. ಮಗು ಹಾಕಿಕೊಳ್ಳುವ ಒಂದು ವೆಸ್ಟ್, ಅಂದರೆ ತೋಳಿಲ್ಲದ ಅಂಗಿ. ಅದಕ್ಕೆ ಹೊಲಿದ ಎರಡು ಪಟ್ಟಿ. ಆ ಪಟ್ಟಿಗಳನ್ನು ಓಡಿಸುವವರು ಸ್ಕೂಲ್ ಬ್ಯಾಗಿನ ಹಾಗೆ ಹೆಗಲಿಗೆ ಹಾಕಿಕೊಳ್ಳಬೇಕು. ಬಟ್ಟೆ ನೈಲಾನಿನದು, ಒಳಗೆ ಫೋಮ್, ನೀರು ಹಿಡಿಯಬಾರದು, ಮೂವತ್ತು ಕೆಜಿ ತಡೆಯಬೇಕು. ನನ್ನ ಮಗ ಹದಿನಾಲ್ಕು ಕೆಜಿ. ಆನ್‌ಲೈನಿನಲ್ಲಿ ನಾನೂರ ಇಪ್ಪತ್ತು ರೂಪಾಯಿಗೆ ಒಂದು ತರಿಸಿದೆ. ಬಂದದ್ದನ್ನು ಮೊದಲು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ನಾನೇ ಜೋತುಬಿದ್ದು ಎಳೆದು ನೋಡಿದೆ. ಒಂದು ಕಡೆ ಹೊಲಿಗೆ ಪಟಪಟ ಅಂದಿತು. ಬೀದಿ ಕೊನೆಯ ಸೀಟ್ ಕವರ್ ಅಂಗಡಿಗೆ ಒಯ್ದು ದಪ್ಪ ದಾರದಲ್ಲಿ ಅಡ್ಡ, ಉದ್ದ ಎರಡು ಸಲ ಹೊಲಿಸಿದೆ. ಮೂವತ್ತು ರೂಪಾಯಿ.

ಈ ಬೆಲ್ಟಿನ ವಿವರಣೆ ಓದಿದರೇ ಗೊತ್ತಾಗುತ್ತೆ, ಇದು ಮುಂದೆ ನಿಂತ ಮಗುವಿಗೆ ಅಲ್ಲ. ಮಗು ಸೀಟಿನ ಮೇಲೆ ಕೂರಬೇಕು, ನಮ್ಮ ಮೈಗೆ ಅಂಟಿಕೊಂಡಿರಬೇಕು. ಮುಂದೆ ನಿಂತರೆ ಬ್ರೇಕ್ ಹಾಕಿದಾಗ ಅವನ ಮುಖಕ್ಕೆ ಹ್ಯಾಂಡಲ್ಲು, ಅವನ ಬೆನ್ನಿಗೆ ನನ್ನ ಐವತ್ತೆಂಟು ಕೆಜಿ. ಮಗುವನ್ನು ಕಣ್ಣೆದುರಿಗೆ ಇಟ್ಟುಕೊಂಡಿದ್ದೇನೆ ಅಂತ ನಾನು ಅಂದುಕೊಂಡಿದ್ದೆ. ಇಟ್ಟುಕೊಂಡಿದ್ದು ಅಡ್ಡಕ್ಕೆ.

ಬೆಲ್ಟ್ ಕಟ್ಟಿಕೊಂಡು ಮೊದಲ ಸಲ ಹೋದದ್ದು ಗಂಡನ ಊರಿಗೆ, ಮಂಡ್ಯದ ಹತ್ತಿರ. ಜಗಲಿಯ ಮೇಲೆ ಕೂತಿದ್ದ ಮಾವ ನನ್ನನ್ನೂ, ಬೆನ್ನಿಗೆ ಅಂಟಿಕೊಂಡಿದ್ದ ಮಗನನ್ನೂ ಮೇಲಿಂದ ಕೆಳಗೆ ನೋಡಿದರು.

'ಇದೇನವ್ವ, ಕರು ಕಟ್ಟಿದಂಗೆ ಕಟ್ಟಿದ್ದೀಯಲ್ಲವ್ವ ಮಗೀನ!'

ಕಾನೂನು ಮಾವ ಅಂದೆ. ಅವರು ನಕ್ಕರು. 'ನಾಕು ಮಕ್ಳು, ನಿಮ್ಮತ್ತೆ, ನಾನು. ಒಂದು ಟಿವಿಎಸ್ಸು. ವೈರಮುಡಿಗೆ ಮೇಲುಕೋಟೆಗೆ ಹೋಗಿ ಬಂದಿವ್ನಿ. ಯಾವ ಬೆಲ್ಟು ಕಟ್ಟಿದ್ದೆ? ಒಂದು ಮಗೀಗಾದ್ರೂ ಏನಾರಾ ಆಗದೆಯಾ?'

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು: 'ವಾಪಸ್ ಬರೋವಾಗ ಬಿದ್ದೋಗಿರ್ಲಿಲ್ವಾ ದೊಡ್ಡೋನು?'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಿಡಿಸಿದ ಕಾಳು ತಟ್ಟೆಗೆ ಬೀಳುವ ಸದ್ದು ಮಾತ್ರ.

ದೊಡ್ಡೋನು ಅಂದರೆ ನನ್ನ ಗಂಡ. ಮದುವೆಯಾದಾಗಿಂದ ಅವರ ಗದ್ದದ ಕೆಳಗಿನ ಗಾಯದ ಗುರುತಿಗೆ ನನಗೆ ಹೇಳಿದ ಕಥೆ, ಚಿಕ್ಕವರಿದ್ದಾಗ ಗೇಟಿನಿಂದ ಬಿದ್ದರು ಅಂತ. ಅವರಿಗೂ ಗೊತ್ತಿದ್ದದ್ದು ಅದೇ. ನಡೆದದ್ದೇನು ಅಂದರೆ, ಜಾತ್ರೆ ಮುಗಿಸಿ ರಾತ್ರಿ ಬರುವಾಗ ಹಿಂದೆ ತುದಿಯಲ್ಲಿ ಕೂತಿದ್ದ ಹುಡುಗ ತೂಕಡಿಸಿ ಜಾರಿಬಿದ್ದಿದ್ದಾನೆ. ಮುಂದೆ ಹೋದವರಿಗೆ ಗೊತ್ತೇ ಆಗಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅತ್ತೆಗೆ ಬೆನ್ನಿನ ಹಿಂದೆ ಹಗುರ ಅನ್ನಿಸಿ ಕೈ ಹಾಕಿ ತಡವಿದ್ದಾರೆ. ಯಾರೂ ಇಲ್ಲ. ಗಾಡಿ ತಿರುಗಿಸಿಕೊಂಡು ಬಂದರೆ ರಸ್ತೆ ಪಕ್ಕದ ಮಣ್ಣಿನಲ್ಲಿ ಹುಡುಗ ಕೂತು ಕೂಗುತ್ತಿದ್ದನಂತೆ.

'ಅದಾದ್ಮೇಲೆ ಟವಲ್ ತಕೊಂಡು ನಾನು ಕಟ್ಕೊತಿದ್ದೆ, ಸೊಂಟಕ್ಕೆ' ಅಂದರು ಅತ್ತೆ. ಮಾವ ಎದ್ದು ಹಸುವಿಗೆ ನೀರು ಇಡಲು ಹೋದರು. ನನ್ನ ಗಂಡ ಗದ್ದ ಮುಟ್ಟಿಕೊಂಡು ನಿಂತಿದ್ದರು.

ಅವತ್ತಿನಿಂದ ಬೆಲ್ಟಿನ ಮೇಲೆ ಮನೆಯಲ್ಲಿ ಯಾರೂ ತಮಾಷೆ ಮಾಡಿಲ್ಲ. ಆದರೆ ನನಗೇ ಒಂದು ಅನುಮಾನ ಉಳಿದಿದೆ. ಈ ಬೆಲ್ಟು ನಿದ್ದೆ ಮಾಡಿ ಜಾರುವ ಮಗುವನ್ನು ಖಂಡಿತ ಹಿಡಿಯುತ್ತೆ. ಗಾಡಿ ಬಿದ್ದರೆ? ಆಗ ಅವನು ನನ್ನ ಜೊತೆಗೇ ಬೀಳುತ್ತಾನೆ, ನನಗೆ ಕಟ್ಟಿಕೊಂಡೇ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನ್ನ ತಮ್ಮನನ್ನು ಕೇಳಿದೆ. ಅವನು ಮೇಷ್ಟ್ರಲ್ವಾ, ನೇರ ಉತ್ತರ ಕೊಡಲಿಲ್ಲ, ಪೆನ್ನು ತೆಗೆದುಕೊಂಡ. 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಆ ವೇಗದಲ್ಲಿ ಹೋಗಿ ಗೋಡೆಗೆ ಬಡಿದರೆ ಆರು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಷ್ಟೇ ಪೆಟ್ಟು. 'ಅಕ್ಕ, ನಮ್ಮನೆ ತಾರಸಿ ಮೇಲಿನ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿಂದ ಬಿದ್ದ ಹಾಗೆ.' 60ರಲ್ಲಿ ಹೋದರೆ ಎಷ್ಟು ಅಂದೆ. ಹದಿನಾಲ್ಕು ಮೀಟರ್ ಅಂದ. ವೇಗ ಒಂದೂವರೆ ಪಟ್ಟು ಆದರೆ ಪೆಟ್ಟು ಎರಡೂಕಾಲು ಪಟ್ಟು. ಅಲ್ಲಿಗೆ ನನಗೆ ಮೂರು ಮಾತುಗಳಲ್ಲಿ ಯಾವುದು ದೊಡ್ಡದು ಅಂತ ಗೊತ್ತಾಯಿತು. ಬೆಲ್ಟಿಗೆ ಅಂಗಡಿ ಇದೆ, ಹೆಲ್ಮೆಟ್ಟಿಗೆ ಅಂಗಡಿ ಇದೆ. ನಿಧಾನಕ್ಕೆ ಅಂಗಡಿ ಇಲ್ಲ, ಅದಕ್ಕೇ ಯಾರೂ ಅದರ ಜಾಹೀರಾತು ಮಾಡಲ್ಲ.

ರಿಂಗ್ ರೋಡಿನಲ್ಲಿ 40ರಲ್ಲಿ ಹೋಗಿ ನೋಡಿ. ಹಿಂದಿನವರು ಹಾರ್ನ್ ಹೊಡೆದೇ ನಿಮ್ಮನ್ನು ಚರಂಡಿಗೆ ತಳ್ಳುತ್ತಾರೆ. ನಾನೀಗ ರಿಂಗ್ ರೋಡ್ ಬಿಟ್ಟು ಸರಸ್ವತಿಪುರಂ, ಕುವೆಂಪುನಗರದ ಒಳರಸ್ತೆಗಳಲ್ಲೇ ಓಡಾಡುತ್ತೇನೆ. ಹತ್ತು ನಿಮಿಷ ಜಾಸ್ತಿ. ಮರದ ನೆರಳು ಸಿಗುತ್ತೆ.

ದಂಡದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಹೆಲ್ಮೆಟ್ ಇಲ್ಲದಿದ್ದರೆ ಕಾಯ್ದೆಯಲ್ಲಿ ಬರೆದಿರುವುದು ಸಾವಿರ ರೂಪಾಯಿ ಮತ್ತು ಮೂರು ತಿಂಗಳು ಲೈಸೆನ್ಸ್ ಅಮಾನತು. ನಮ್ಮ ರಾಜ್ಯದಲ್ಲಿ 2019ರಲ್ಲೇ ಅದನ್ನು ಐನೂರಕ್ಕೆ ಇಳಿಸಿದರು. ಮಗುವಿನ ಬೆಲ್ಟ್ ಎಲ್ಲಿ ಅಂತ ಮೈಸೂರಿನಲ್ಲಿ ಒಬ್ಬರೂ ನನ್ನನ್ನು ಇದುವರೆಗೆ ಕೇಳಿಲ್ಲ. ಬೆಲ್ಟ್ ಹಾಕಿದ್ದಕ್ಕೆ ಕೇಳಿದ್ದಾರೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಒಬ್ಬರು, 'ಮಗುಗೆ ಏನಾದ್ರೂ ಪ್ರಾಬ್ಲಮ್ಮಾ ಮೇಡಂ?' ಅಂದರು.

ಪೊಲೀಸರು ನಮ್ಮನ್ನು ಹಿಡಿದದ್ದು ಒಂದೇ ಸಲ, ಅದು ಬೇರೆ ಕಾರಣಕ್ಕೆ. ಗಂಡ ಓಡಿಸುತ್ತಿದ್ದರು, ನಾನು ಹಿಂದೆ, ಮಗ ಇಬ್ಬರ ನಡುವೆ. ನನ್ನ ಅನುಭವದಲ್ಲಿ ಮಗು ಕೂರುವುದಕ್ಕೆ ಇದಕ್ಕಿಂತ ಭದ್ರವಾದ ಜಾಗ ಇಲ್ಲ, ಹಿಂದೆ ಮುಂದೆ ಎರಡು ಗೋಡೆ. ಪೇದೆ ಕೈ ಅಡ್ಡ ಹಿಡಿದು, 'ಟ್ರಿಪಲ್ಸ್' ಅಂದರು.

'ಸರ್, ಮಗು ಸರ್.'

'ಮಗುಗೆ ಜೀವ ಇಲ್ವಾ? ಅದೂ ಒಂದು ಆಳೇ.'

ಮಾತು ನಿಜ. 128ನೇ ಸೆಕ್ಷನ್ ಪ್ರಕಾರ ಓಡಿಸುವವರ ಜೊತೆ ಇನ್ನೊಬ್ಬರು ಮಾತ್ರ. ಆ ಇನ್ನೊಬ್ಬರ ವಯಸ್ಸು ಎಷ್ಟು ಅಂತ ಅಲ್ಲಿ ಕೇಳಿಲ್ಲ. ಅಂದರೆ ಅಪ್ಪ, ಅಮ್ಮ, ಮಗು ಮೂವರು ಒಂದು ಸ್ಕೂಟರಿನಲ್ಲಿ ಹೋಗುವುದೇ ಅಪರಾಧ, ಎಷ್ಟು ಬೆಲ್ಟು, ಎಷ್ಟು ಹೆಲ್ಮೆಟ್ಟು ಇದ್ದರೂ. ಭಾನುವಾರ ಸಂಜೆ ಅರಮನೆ ದೀಪ ನೋಡಲು ಬರುವ ಅರ್ಧ ಮೈಸೂರು ಅಪರಾಧಿಗಳೇ. ಕೇರಳದಲ್ಲಿ 2023ರ ಜೂನ್‌ನಲ್ಲಿ ರಸ್ತೆಯಲ್ಲೆಲ್ಲ ಎಐ ಕ್ಯಾಮೆರಾ ಹಾಕಿ ದಂಡ ಶುರು ಮಾಡಿದಾಗ ಇದೇ ಗಲಾಟೆ ಎದ್ದಿತು. ಅಲ್ಲಿನ ಸರ್ಕಾರ ಚಿಕ್ಕ ಮಕ್ಕಳನ್ನು ಮೂರನೆಯವರಾಗಿ ಕೂರಿಸಲು ಬಿಡಿ ಅಂತ ಕೇಂದ್ರವನ್ನು ಕೇಳಿತು. ಆಗಲ್ಲ ಅಂತ ಉತ್ತರ ಬಂತು. ಕೇರಳದವರು ಕೇಳಿಯಾದರೂ ಕೇಳಿದರು. ನಾವು ಸರ್ಕಲ್ಲಿನಲ್ಲಿ ಪೊಲೀಸರು ಕಂಡರೆ ಪಕ್ಕದ ಕ್ರಾಸಿಗೆ ಗಾಡಿ ತಿರುಗಿಸುತ್ತೇವೆ.

ಅವತ್ತು ಆ ಪೇದೆ ದಂಡ ಹಾಕಲಿಲ್ಲ. ಮಗನ ಬೆಲ್ಟನ್ನು ಎಳೆದು ನೋಡಿ, ಇದು ಎಲ್ಲಿ ಸಿಗುತ್ತೆ ಅಂತ ಕೇಳಿದರು. ಅವರಿಗೂ ಎರಡು ವರ್ಷದ ಮಗಳಿದ್ದಾಳಂತೆ. ಸೀಟ್ ಕವರ್ ಅಂಗಡಿಯ ವಿಳಾಸವನ್ನೂ ಹೇಳಿ ಬಂದೆ. ನಾನು ಅಲ್ಲಿಂದ ಆಟೋ ಹತ್ತಿದೆ, ತೊಂಬತ್ತು ರೂಪಾಯಿ. ದಂಡಕ್ಕಿಂತ ಅಗ್ಗ.

ಊರಿಗೆ ಹೋಗುವ ಕ್ರಮವೂ ಬದಲಾಯಿತು. ಮೊದಲು ಮೂವರೂ ಸ್ಕೂಟರಿನಲ್ಲೇ ನಲವತ್ತೈದು ಕಿಲೋಮೀಟರ್ ಹೋಗುತ್ತಿದ್ದೆವು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೈವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರಿಂದ ಇಳಿಸಿದರು. ಒಳ್ಳೆಯದೇ ಆಯಿತು. ಆದರೆ ಇಳಿದವರೆಲ್ಲ ಸೇರಿದ್ದು ಸರ್ವಿಸ್ ರಸ್ತೆಗೆ. ಅಲ್ಲಿ ಕಬ್ಬಿನ ಕಾಲದಲ್ಲಿ ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರಿಗೇ ಬರುತ್ತೆ, ಹಿಂದೆ ದೀಪ ಇರಲ್ಲ, ಕಬ್ಬಿನ ತುದಿ ರಸ್ತೆಗೆ ಚಾಚಿಕೊಂಡಿರುತ್ತೆ. ನಾವು 40ರಲ್ಲಿ ಹೋಗುತ್ತಿದ್ದರೆ ಕಬ್ಬೇ ನಮ್ಮನ್ನು ಓವರ್‌ಟೇಕ್ ಮಾಡುತ್ತೆ. ಶ್ರೀರಂಗಪಟ್ಟಣದ ಸೇತುವೆ ದಾಟಿದ ಕೂಡಲೇ, ನದಿಯ ಗಾಳಿಗೋ ಏನೋ, ಮಗನಿಗೆ ನಿದ್ದೆ. ಹೆಲ್ಮೆಟ್ಟಿನ ತಲೆ ಅಪ್ಪನ ಬೆನ್ನಿಗೆ ಟಕ್ ಟಕ್ ಅಂತ ಬಡಿಯುತ್ತಿರುತ್ತೆ.

ಈಗ ನಾನು, ಮಗ ಬಸ್ಸು. ಗಂಡ ಒಬ್ಬರೇ ಸ್ಕೂಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ನನಗೆ ಟಿಕೆಟ್ ಇಲ್ಲ. ಮಗನಿಗೆ ಇನ್ನೂ ಟಿಕೆಟ್ ತಗೊಳ್ಳುವ ವಯಸ್ಸಾಗಿಲ್ಲ. ದುಡ್ಡು ಖರ್ಚಾಗುವುದು ಒಬ್ಬರೇ ಹೋಗುವ ಗಂಡಸಿನ ಪೆಟ್ರೋಲಿಗೆ ಮಾತ್ರ. ಲೆಕ್ಕ ಬರೆಯುವವಳು ನಾನು, ತಿಂಗಳಿಗೆ ಎರಡು ಸಲ ಇದನ್ನು ಅವರಿಗೆ ನೆನಪಿಸುತ್ತೇನೆ. ಹಬ್ಬದ ದಿನ ಬಸ್ಸಿನಲ್ಲಿ ನಿಂತುಕೊಂಡು, ಮಗನನ್ನು ಯಾರದೋ ಅಜ್ಜಿಯ ತೊಡೆಯ ಮೇಲೆ ಕೂರಿಸಿ ಹೋಗುವ ಕಷ್ಟ ಬೇರೆ. ಆದರೆ ಆ ಅಜ್ಜಿಯರು ಅವನಿಗೆ ಕಡಲೆಕಾಯಿ ಕೊಡುತ್ತಾರೆ.

ಬೇರೆ ದೇಶದವರು ಏನು ಮಾಡುತ್ತಾರೆ ಅಂತಲೂ ಓದಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಗು ಬೈಕಿನ ಹಿಂದೆ ಕೂರಲು ಇಷ್ಟು ವಯಸ್ಸಾಗಿರಬೇಕು ಅಂತ ಇದೆ, ಒಂದೊಂದು ಕಡೆ ಒಂದೊಂದು. ಟೆಕ್ಸಾಸಿನಲ್ಲಿ ಐದು, ಪಕ್ಕದ ಆರ್ಕನ್ಸಾದಲ್ಲಿ ಎಂಟು. ಟೆಕ್ಸಾರ್ಕಾನ ಅಂತ ಒಂದು ಊರಿದೆ, ಎರಡೂ ರಾಜ್ಯದ ಗಡಿ ಅದರ ನಡುವೆಯೇ ಹೋಗುತ್ತೆ. ಅಲ್ಲಿ ಆರು ವರ್ಷದ ಹುಡುಗ ರಸ್ತೆಯ ಈ ಕಡೆ ಬೈಕಿನ ಹಿಂದೆ ಕೂರಬಹುದು, ದಾಟಿದರೆ ಇಳಿಯಬೇಕು. ನಗು ಬಂತು.

ನನಗೆ ಹಿಡಿಸಿದ್ದು ಫಿಲಿಪ್ಪೀನ್ಸಿನ ಕಾನೂನು. ಅವರೂ ನಮ್ಮ ಹಾಗೆಯೇ, ಕಾರಿಗಿಂತ ಬೈಕೇ ಜಾಸ್ತಿ ಇರುವ ಜನ. 2015ರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಕಾಯ್ದೆ ಮಾಡಿದರು. ದಟ್ಟಣೆ ಇರುವ, ವೇಗವಾಗಿ ಗಾಡಿ ಓಡುವ ರಸ್ತೆಗೆ ಮಗುವನ್ನು ಕರೆತರುವ ಹಾಗಿಲ್ಲ. ತರಬೇಕಾದರೆ ಮಗುವಿನ ಕಾಲು ಫುಟ್‌ರೆಸ್ಟಿಗೆ ಆರಾಮಾಗಿ ಸಿಗಬೇಕು, ಎರಡೂ ಕೈ ಓಡಿಸುವವರ ಸೊಂಟ ಸುತ್ತಿ ಹಿಡಿಯಬೇಕು, ತಲೆಗೆ ಹೆಲ್ಮೆಟ್ ಇರಬೇಕು. ತಪ್ಪಿದರೆ ಮೊದಲ ಸಲಕ್ಕೇ ಮೂರು ಸಾವಿರ ಪೆಸೊ. ಮಗುವಿನ ವಯಸ್ಸು ಎಷ್ಟಾಯಿತು ಅಂತ ಕೇಳಲ್ಲ, ಕಾಲು ಸಿಗುತ್ತಾ ಅಂತ ಕೇಳುತ್ತಾರೆ. ಇದನ್ನು ಅಮ್ಮಂದಿರೇ ಬರೆದಿರಬೇಕು ಅನ್ನಿಸಿತು. ಹಾಗಂತ ನಮ್ಮ ನಿಯಮ ಬರೆದವರು ಏನೂ ಕಡಿಮೆ ಅಲ್ಲ. 1989ರಲ್ಲೇ ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದ ಹಾಗೆ ಅಡ್ಡ ಇರಬೇಕು ಅಂತ ಬರೆದಿದ್ದಾರೆ, ಅದೇ ನಮ್ಮ ಸೀರೆಗಾರ್ಡು. ಸೆರಗಿನ ಯೋಚನೆ ಅಷ್ಟು ಬೇಗ ಬಂತು. ಮಡಿಲಿನಲ್ಲಿದ್ದ ಕೂಸಿನ ಯೋಚನೆ ಬರಲು 2022 ಆಯಿತು.

ಮೊನ್ನೆ ಮನೆ ಮುಂದೆ ಸ್ಟ್ಯಾಂಡ್ ಹಾಕಿ, ಮಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಫಿಲಿಪ್ಪೀನ್ಸ್ ಪರೀಕ್ಷೆ ಮಾಡಿದೆ. ಕಾಲು ಚಾಚು ಅಂದೆ. ಕಷ್ಟಪಟ್ಟು ಬೆರಳು ತುದಿ ಚೂಪು ಮಾಡಿ ಚಾಚಿದ. ಫುಟ್‌ರೆಸ್ಟಿಗೆ ಇನ್ನೂ ನನ್ನ ಒಂದು ಅಂಗೈ ಅಗಲ ಬಾಕಿ. 'ಸಿಕ್ತು ಅಮ್ಮ' ಅಂದ. ಸುಳ್ಳ.

ಬರುವ ತಿಂಗಳು ಅವನಿಗೆ ನಾಲ್ಕು ತುಂಬುತ್ತೆ. ಆ ದಿನದಿಂದ ನಮ್ಮ ಕಾನೂನಿನ ಪ್ರಕಾರ ಬೆಲ್ಟ್ ಬೇಡ, 40ರ ಮಿತಿಯೂ ಇಲ್ಲ. ಸೈಕಲ್ ಹೆಲ್ಮೆಟ್ ನಡೆಯಲ್ಲ, ಐಎಸ್‌ಐ ಗುರುತಿನದ್ದೇ ಆಗಬೇಕು. ಮೂಗಿನವರೆಗೆ ಬಂದಿತ್ತಲ್ಲ, ಆ ಹೆಲ್ಮೆಟ್ಟನ್ನು ಇನ್ನೊಂದು ಸಲ ಹಾಕಿಸಿ ನೋಡಬೇಕು. ಮಂಡ್ಯದಲ್ಲಿರುವ ನಾದಿನಿಗೆ ಹತ್ತು ತಿಂಗಳ ಮಗಳಿದ್ದಾಳೆ. 'ಹೆಂಗೂ ನಿಮ್ಗೆ ಇನ್ನು ಬೇಡ್ವಲ್ಲ ಅತ್ತಿಗೆ, ಬೆಲ್ಟು ಕೊಟ್ಬಿಡಿ' ಅಂತ ಎರಡು ಸಲ ಫೋನ್ ಮಾಡಿದಳು. ಒಗೆದು, ಒಣಗಿಸಿ, ಮಡಚಿ ಇಟ್ಟಿದ್ದೇನೆ. ನಿನ್ನೆ ಪ್ಲೇಹೋಮಿನಿಂದ ಬರುವಾಗ ಮತ್ತೆ ಬಿಚ್ಚಿ ಕಟ್ಟಿಕೊಂಡೆ. ಕುವೆಂಪುನಗರ ದಾಟುವಷ್ಟರಲ್ಲಿ ಬೆನ್ನು ಭಾರವಾಯಿತು, ಹೆಲ್ಮೆಟ್ಟು ಟಕ್ ಅಂತು. ನಾದಿನಿಗೆ ಹೊಸದೊಂದು ಆರ್ಡರ್ ಮಾಡಿದ್ದೇನೆ. ಬಂದ ಮೇಲೆ ಸೀಟ್ ಕವರ್ ಅಂಗಡಿಗೆ ಒಯ್ದು ಹೊಲಿಸಿ ಕಳಿಸಬೇಕು.